ಕೇಳಿಸುತ್ತದೆ ಎಂದುಕೊಂಡವರು

ಜುಲೈ 8

ಪ್ರೀತಿಯ ಅತ್ತೆಗೆ,

ನಿನ್ನ ತಗಾದೆ ಮಾಡುವ ನಮಸ್ಕಾರ. ಈ ಅಡ್ಡಹೆಸರಿಟ್ಟವಳು ನೀನೇ, ಹಾಗಾಗಿ ತಗಾದೆಯೂ ನಿನ್ನ ಹತ್ತಿರವೇ. ಎರಡು ಸಲ ಫೋನ್ ಮಾಡಿದೆ. ಒಂದು ಸಲ ನೀನು ಎತ್ತಲಿಲ್ಲ. ಇನ್ನೊಂದು ಸಲ ಎತ್ತಿ, "ಕೆಲಸದಲ್ಲಿದೀನಿ, ಆಮೇಲೆ" ಎಂದು ಇಟ್ಟುಬಿಟ್ಟೆ. ನಾನು ಯಾರೆಂದು ಹೇಳಲೂ ಬಿಡಲಿಲ್ಲ. ಭಾನುವಾರ ಸಂಜೆ ಅದೆಂಥ ಕೆಲಸವೋ! ಅದಕ್ಕೇ ಈ ಕಾಗದ.

ವಿಷಯ ಇದು. ಈ ವರ್ಷ ಒಂಬತ್ತನೇ ತರಗತಿಯವರು ಒಬ್ಬೊಬ್ಬರೂ ಸ್ವಂತವಾಗಿ ಒಂದು ಸಂಶೋಧನೆ ಮಾಡಬೇಕು. ಗುಂಪು ಕಟ್ಟುವ ಹಾಗಿಲ್ಲ. ವಿಜ್ಞಾನದ ಮೇಡಂ ಹಾಕಿರುವ ಷರತ್ತು ಎರಡೇ: ಉತ್ತರ ಯಾವ ಪುಸ್ತಕದಲ್ಲೂ ಸಿದ್ಧವಾಗಿ ಸಿಗಬಾರದು, ಮತ್ತು ಉತ್ತರ ಗೊತ್ತಾದರೆ ಒಬ್ಬರಿಗಾದರೂ ಉಪಯೋಗವಾಗಬೇಕು. ಆಗಸ್ಟ್ ಮೂವತ್ತರೊಳಗೆ ಯೋಜನೆ ಬರೆದು ಕೊಡಬೇಕು. ಪ್ರಶ್ನೆ ಏನು, ಯಾರನ್ನು ಕೇಳುತ್ತೀಯ, ಹೇಗೆ ಅಳೆಯುತ್ತೀಯ, ಎಲ್ಲಿ ಎಡವಬಹುದು, ಎಲ್ಲ ಅದರಲ್ಲಿರಬೇಕು.

ನಾನು ಏಳು ವಿಷಯ ತೆಗೆದುಕೊಂಡು ಹೋದೆ. 'ನೀರಿನ ಮಹತ್ವ' ನೋಡಿ, "ಇದು ಭಾಷಣ" ಎಂದರು. 'ಹಕ್ಕಿಗಳು' ನೋಡಿ, "ಯಾವ ಹಕ್ಕಿ? ಅದಕ್ಕೇನಾಗಿದೆ?" ಎಂದರು. 'ಮನುಷ್ಯರು ಯಾಕೆ ಸುಳ್ಳು ಹೇಳುತ್ತಾರೆ' ಎಂಬುದಕ್ಕೆ "ಐದು ತಿಂಗಳಲ್ಲಿ ಮುಗಿಯುತ್ತಾ?" ಎಂದು ಕೇಳಿದರು. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಅಳುವುದಕ್ಕಿಂತ ಅದು ಸುಲಭವಾಗಿತ್ತು.

ಅಪ್ಪನನ್ನು ಕೇಳಿದರೆ, "ಕಣ್ಣಿನ ಮೇಲೆ ಮಾಡು, ಅಂಗಡೀಲೇ ಎಲ್ಲಾ ಇದೆಯಲ್ಲ" ಎನ್ನುತ್ತಾರೆ. ಕನ್ನಡಕದ ಅಂಗಡಿಯವರ ಮಗಳು ಕಣ್ಣಿನ ಮೇಲೆ ಮಾಡಿದರೆ ಅಪ್ಪನೇ ಮಾಡಿಕೊಟ್ಟರು ಎನ್ನುವುದಿಲ್ಲವೇ? ಅಜ್ಜಿಯಂತೂ, "ನಿನ್ನ ಬೀರು ಯಾಕೆ ಹಾಗಿದೆ ಅಂತ ಮೊದ್ಲು ಕಂಡುಹಿಡಿ" ಎಂದಳು.

ನಾನು ನಿನಗೆ ಬರೆದದ್ದು ಅಪ್ಪನಿಗೆ ಗೊತ್ತಿಲ್ಲ. ನಿನ್ನ ಹೆಸರು ಬಂದರೆ ಅವರು ಕನ್ನಡಕದ ಗಾಜು ಒರೆಸಲು ಶುರುಮಾಡುತ್ತಾರೆ, ಒರೆಸಿಟ್ಟದ್ದನ್ನೇ ಮತ್ತೆ. ನೀನು ಬಂದು ಒಂದೂವರೆ ವರ್ಷವಾಯಿತು. ಅದು ನಿಮ್ಮಿಬ್ಬರ ಸಮಾಚಾರ, ನಾನು ಬಾಯಿ ಹಾಕುವುದಿಲ್ಲ. ನನಗೆ ಬೇಕಿರುವುದು ಒಂದು ಪ್ರಶ್ನೆ, ಅಷ್ಟೆ.

ನಿನ್ನ
ತಗಾದೆ


ಜುಲೈ 19

ನನ್ನ ತಗಾದೆಗೆ,

ಬದುಕಿದೆ ಕಣೇ! ಕಾಗದ ನೋಡಿ ಯಾರೋ ಮನೆ ಖಾಲಿ ಮಾಡಿ ಎಂದು ಬರೆದಿದ್ದಾರೆ ಎಂದುಕೊಂಡೆ. ನನಗೆ ಬರುವುದೆಲ್ಲ ಅಂಥ ಕಾಗದಗಳೇ. ನಿನ್ನ ಅಕ್ಷರ ಮಾತ್ರ ಇನ್ನೂ ಓಡಿಹೋಗುವ ಕೋಳಿಮರಿಗಳ ಹಾಗಿದೆ.

ನಿಮ್ಮ ಮೇಡಂ ಗಟ್ಟಿ ಹೆಂಗಸು. ಅವರು ಹೇಳಿದ್ದು ಸರಿ. ಪ್ರಶ್ನೆ ಹುಡುಕಲು ಆಕಾಶ ನೋಡುತ್ತಾ ನಿಂತರೆ ಕುತ್ತಿಗೆ ನೋಯುತ್ತದೆ ಅಷ್ಟೆ. ನೀನು ದಿನಾ ನೋಡುತ್ತಿದ್ದು, ಒಂದು ದಿನವೂ 'ಇದ್ಯಾಕೆ ಹೀಗೆ' ಎಂದು ಕೇಳದೆ ಬಿಟ್ಟಿರುವ ಏನೋ ಒಂದು ಇರುತ್ತದೆ. ಅದರ ಹತ್ತಿರ ಹೋಗಿ ನಿಲ್ಲು. ಹೊಸ ಕೆಲಸದವರು ಬಂದರೆ ನಾನು ಮೊದಲ ವಾರ ದಾರ ಮುಟ್ಟಲು ಬಿಡುವುದಿಲ್ಲ. ಮಗ್ಗದ ಪಕ್ಕ ನಿಂತು ನೋಡು ಎನ್ನುತ್ತೇನೆ. ಮೂರನೇ ದಿನಕ್ಕೆ ತಾವಾಗಿಯೇ ಕೇಳುತ್ತಾರೆ: ಈ ಎಳೆ ಯಾವಾಗಲೂ ಎಡಗಡೆಯೇ ಯಾಕೆ ಹರಿಯುತ್ತದೆ? ಹಾಗೆ ಕೇಳಿದವಳು ಕೆಲಸ ಕಲಿಯುತ್ತಾಳೆ.

ನಮ್ಮ ಮಿಲ್ಲಿನ ಸುದ್ದಿ ಕೇಳುತ್ತೀಯಾ? ನನ್ನ ಸಾಲಿನಲ್ಲಿ ಈಗ ಇಪ್ಪತ್ನಾಲ್ಕು ಮಗ್ಗ, ಹನ್ನೆರಡು ಹೆಂಗಸರು, ಅವರ ಮೇಲೆ ನಾನೊಬ್ಬಳು ಮೇಸ್ತ್ರಿ. ಅಷ್ಟೂ ಮಗ್ಗಗಳು ಒಟ್ಟಿಗೆ ಓಡುವಾಗ ಒಬ್ಬಳ ಕಿವಿಗೆ ಬಾಯಿಟ್ಟು ಕೂಗಿದರೂ ಪ್ರಯೋಜನವಿಲ್ಲ. ಆದರೂ ಅಲ್ಲಿ ನಡೆಯದ ಹರಟೆಯಿಲ್ಲ, ಬೀಳದ ಜಗಳವಿಲ್ಲ! ಕೈ, ಹುಬ್ಬು, ತುಟಿ, ಅಷ್ಟು ಸಾಕು. ಹೊಸ ಎಂಜಿನಿಯರ್ ಏನೋ ಯಂತ್ರ ಹಿಡಿದು ಯಾವ ಮಗ್ಗ ಕೆಟ್ಟಿದೆ ಎಂದು ಅಳೆಯುತ್ತಿದ್ದ. ನಾನು ಮಗ್ಗದ ಮೈಮೇಲೆ ಅಂಗೈ ಇಟ್ಟು, ಹದಿನೇಳನೆಯದಕ್ಕೆ ಜ್ವರ ಬಂದಿದೆ ಎಂದೆ. ಬಿಚ್ಚಿ ನೋಡಿದರೆ ಹದಿನೇಳನೆಯದೇ. ಹತ್ತೊಂಬತ್ತು ವರ್ಷದ ಅಂಗೈ ಇದು.

ಅಮ್ಮ ಈಗಲೂ ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಬಂದವರ ಚಪ್ಪಲಿ ನೋಡಿಯೇ ಅವರ ಗುಣ ಹೇಳುತ್ತಾಳಾ? ಬರೆ.

ಫೋನ್ ಮಾತ್ರ ಬೇಡ. ಅದರಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಕಾಗದವಾದರೆ ಎರಡು ಸಲ ಓದಬಹುದು.

ಅತ್ತೆ


ಆಗಸ್ಟ್ 2

ಅತ್ತೆ, ಸಿಕ್ಕಿತು! ಪ್ರಶ್ನೆ ಸಿಕ್ಕಿತು!

ನೀನು ಹೇಳಿದ ಹಾಗೆ ದಿನಾ ನೋಡುವ ಜಾಗಕ್ಕೇ ಹೋಗಿ ನಿಂತೆ. ಶಾಲೆ ಬಿಟ್ಟ ಮೇಲೆ ಐದು ದಿನ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು ಬಂದವರನ್ನು ನೋಡಿದೆ. ನಾಲ್ಕನೇ ದಿನ ಶಾಲೆ ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿನ ಮೆಷಿನ್ ಮಾಮ ಕನ್ನಡಕಕ್ಕೆ ಬಂದರು. ಅಪ್ಪ ಅವರ ಕಡೆ ಬೆನ್ನು ಮಾಡಿ ಡಬ್ಬಿ ಹುಡುಕುತ್ತಾ, "ವಯಸ್ಸೆಷ್ಟು?" ಎಂದು ಕೇಳಿದರು. ಅವರು, "ನಾಲ್ಕು. ಮೂರು ಹೆಣ್ಣು, ಒಂದು ಗಂಡು" ಎಂದರು. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಮನೂ ನಕ್ಕರು. ಆದರೆ ನಾನು ನೋಡುತ್ತಿದ್ದೆನಲ್ಲ, ಅವರು ಎಲ್ಲರ ಮುಖ ನೋಡಿ, ಆಮೇಲೆ ನಕ್ಕರು.

ಆಗ ನಿನ್ನ ಕಾಗದ ನೆನಪಾಯಿತು. ದಿನಕ್ಕೆ ಎಂಟು ಗಂಟೆ ಅಂಥ ಸದ್ದಿನಲ್ಲಿ ನಿಂತವರು ಮನೆಗೆ ಹೋದಾಗ ಅವರಿಗೆ ಎಷ್ಟು ಕೇಳಿಸುತ್ತದೆ? ಇದೇ ಪ್ರಶ್ನೆ! ಮೇಡಂಗೆ ಹೇಳಿದೆ. ಅವರು ಕೆಂಪು ಪೆನ್ನು ಕೆಳಗಿಟ್ಟು, "ಹೂಂ, ಈಗ ಮಾತಾಡು" ಎಂದರು. ಅತ್ತೆ, ನಮ್ಮ ಮೇಡಂ ಕೆಂಪು ಪೆನ್ನು ಕೆಳಗಿಟ್ಟದ್ದನ್ನು ಈವರೆಗೆ ಯಾರೂ ನೋಡಿಲ್ಲ.

ವಿಧಾನವೂ ಸಿದ್ಧ. ಅಪ್ಪನ ಅಂಗಡಿಯ ಗೋಡೆಯ ಮೇಲಿನ ಫಲಕದಲ್ಲಿ ಸಾಲು ಕೆಳಗಿಳಿದಂತೆ ಅಕ್ಷರ ಸಣ್ಣದಾಗುತ್ತದಲ್ಲ? ನನ್ನದು ಮಾತಿನ ಫಲಕ. ಇಪ್ಪತ್ತು ಪದ. ಕಲ್ಲು, ಹಲ್ಲು, ಹಾಲು, ಕಾಲು, ಹೀಗೆ ಒಂದಕ್ಕೊಂದು ಹತ್ತಿರದವು. ಎದುರಿಗೆ ಹತ್ತು ಅಡಿ ದೂರದಲ್ಲಿ ನಿಂತು ಒಂದೊಂದಾಗಿ ಹೇಳುತ್ತೇನೆ. ಅವರು ಕೇಳಿಸಿದ್ದನ್ನು ತಿರುಗಿ ಹೇಳಬೇಕು. ಮಿಲ್ಲಿನವರು ಹನ್ನೆರಡು ಜನ, ಸದ್ದಿಲ್ಲದ ಕಡೆ ಕೆಲಸ ಮಾಡುವವರು ಹನ್ನೆರಡು ಜನ. ಹೋಲಿಸಿ ನೋಡುವುದು.

ಆ ಮಿಲ್ಲಿನ ಹನ್ನೆರಡು ಜನ ಯಾರು ಗೊತ್ತಾಯಿತಲ್ಲ? ನಿನ್ನ ಸಾಲು! ಅಕ್ಟೋಬರ್ ರಜೆಯಲ್ಲಿ ಬರುತ್ತೇನೆ. ಪಟ್ಟಿಯಲ್ಲಿ ಮೊದಲ ಹೆಸರು ನಿನ್ನದೇ ಬರೆದಿದ್ದೇನೆ. ಕೆಳಗೊಂದು ಗೆರೆಯನ್ನೂ ಎಳೆದಿದ್ದೇನೆ.

ತಗಾದೆ


ಆಗಸ್ಟ್ 9

ಮಗಳೇ,

ಈ ವಿಷಯ ಬೇಡ. ಮಿಲ್ಲಿನೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಹೆಂಗಸರಿಗೆ ಇದಕ್ಕೆಲ್ಲ ಪುರುಸೊತ್ತಿಲ್ಲ. ಅವರ ಕಿವಿ ಚೆನ್ನಾಗಿಯೇ ಇದೆ.

ಬಟ್ಟೆಯ ಬಣ್ಣ ಬಿಸಿಲಿಗೆ ಎಷ್ಟು ದಿನಕ್ಕೆ ಮಾಸುತ್ತದೆ ಎಂದು ಮಾಡು. ನಾನು ತುಂಡುಗಳನ್ನು ಕಳಿಸುತ್ತೇನೆ. ಅಕ್ಟೋಬರಿನಲ್ಲಿ ನಾನು ಇಲ್ಲಿರುತ್ತೇನೋ ಇಲ್ಲವೋ ಗೊತ್ತಿಲ್ಲ, ಬರುವುದು ಬೇಡ.

ನನ್ನ ಹೆಸರು ಪಟ್ಟಿಯಿಂದ ತೆಗೆ.

ಅತ್ತೆ


ಆಗಸ್ಟ್ 14

ಅತ್ತೆಗೆ,

ತೆಗೆದಿದ್ದೇನೆ. ಗೆರೆಯ ಸಮೇತ.

ಬಾಯಿ ಹಾಕುವುದಿಲ್ಲ ಎಂದಿದ್ದೆ, ಈಗ ಹಾಕುತ್ತೇನೆ. ಅಜ್ಜಿ ಮೆಟ್ಟಿಲ ಮೇಲೆ ಕೂರುತ್ತಾಳಾ ಎಂದು ಕೇಳಿದ್ದೆಯಲ್ಲ, ನಾನು ಬೇಕೆಂದೇ ಉತ್ತರಿಸಲಿಲ್ಲ. ಕೂರುವುದಿಲ್ಲ. ಜ್ವರ ಬಿಟ್ಟ ಮರುದಿನವೇ ಹೋಗಿ ಕೂತು, ಆ ಮೆಟ್ಟಿಲಿನಿಂದಲೇ ಅಲ್ಲವೇ ಅವಳು ಬಿದ್ದು ಕಾಲು ಮುರಿದುಕೊಂಡದ್ದು? ಎಲ್ಲ ಗೊತ್ತಿದ್ದೂ ಹೇಗೆ ಕೇಳಿದೆ?

ಆ ದಿನ ಆಸ್ಪತ್ರೆಯ ಓಣಿಯಲ್ಲಿ ಅಪ್ಪ ನಿನಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಅಪ್ಪನ ಒಂದು ಕೈಯಲ್ಲಿ ಅಜ್ಜಿಯ ಕೈ ಇತ್ತು, ಅದಕ್ಕೇ ಫೋನನ್ನು ಬೆಂಚಿನ ಮೇಲಿಟ್ಟು ಎಲ್ಲರಿಗೂ ಕೇಳಿಸುವ ಹಾಗೆ ಮಾತಾಡಿದರು. "ಅಮ್ಮ ಬಿದ್ಲು ಕಣೇ" ಎಂದರು. ನೀನು ನಕ್ಕೆ. "ಅಬ್ಬ, ಒಳ್ಳೇದಾಯ್ತು ಬಿಡು! ಇನ್ನು ನಿಂಗೂ ಆರಾಮ" ಎಂದೆ. ಅಪ್ಪ ಕಾಲು, ಆಪರೇಷನ್ ಎಂದೆಲ್ಲ ಹೇಳಿದರು. ನೀನು, "ಆಯ್ತಾಯ್ತು, ಸಂತೋಷ, ಇಡ್ತೀನಿ" ಎಂದು ಇಟ್ಟುಬಿಟ್ಟೆ. ಅಜ್ಜಿ ನೋವಿನಲ್ಲಿ ಕಣ್ಣು ಮುಚ್ಚಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಅಪ್ಪನೂ ಕೇಳಿಲ್ಲ, ನಾನೂ ಕೇಳಿಲ್ಲ.

ಅಪ್ಪ ಅವತ್ತಿನಿಂದ ನಿನ್ನ ಹೆಸರೆತ್ತಿಲ್ಲ. ನಾನು ಮಾತ್ರ, ಅತ್ತೆ ಅಂಥವಳಲ್ಲ, ಏನೋ ತಮಾಷೆ ಮಾಡಿರಬೇಕು ಎಂದುಕೊಂಡು ಒಂದೂವರೆ ವರ್ಷ ನಿನ್ನ ಪರ ವಹಿಸಿದೆ. ಈಗ ನನಗೂ ಸಾಕಾಯಿತು.

ನನ್ನ ಸಂಶೋಧನೆಯನ್ನು ನಾನು ಬಿಡುವುದಿಲ್ಲ. ಪ್ರೆಸ್ಸಿನವರ ಜೊತೆ ಮಾಡುತ್ತೇನೆ. ಬಣ್ಣದ ತುಂಡುಗಳು ಬೇಡ.

ನಿನ್ನ ಅಣ್ಣನ ಮಗಳು


ಸೆಪ್ಟೆಂಬರ್ 1

ತಗಾದೆ,

ಮೊದಲು ಒಂದು ಮಾತಿಗೆ ಉತ್ತರ ಕೊಡು. ಅಮ್ಮನ ಯಾವ ಕಾಲು?

ನನಗೆ ಗೊತ್ತಿರಲಿಲ್ಲ ಕಣೇ. ನಿನ್ನ ಕಾಗದ ಓದುವವರೆಗೆ ನನಗೆ ಗೊತ್ತೇ ಇರಲಿಲ್ಲ. ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಒಡೆದೆ, ಮೊದಲ ಪುಟ ದಾಟುವಷ್ಟರಲ್ಲಿ ಟೀ ಅಲ್ಲೇ ಬಿಟ್ಟು ಎದ್ದೆ. ಆಮೇಲೆ ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದೆ.

ಆ ವಾರ ಅಮ್ಮ ಜ್ವರ ಬಂದು ಹಾಸಿಗೆ ಹಿಡಿದಿದ್ದಳು, ನೆನಪಿದೆಯಾ? ಎದ್ದು ಕೂರಲೂ ಆಗುತ್ತಿಲ್ಲ ಎಂದು ಅಣ್ಣ ಬರೆದಿದ್ದ. ನಾನು ಅದೇ ಚಿಂತೆಯಲ್ಲಿದ್ದೆ. ಅಷ್ಟರಲ್ಲಿ ಅವನ ಫೋನ್ ಬಂತು. ಅವನು ಅಂದದ್ದು "ಅಮ್ಮ ಬಿದ್ಲು." ನನಗೆ ಕೇಳಿಸಿದ್ದು "ಅಮ್ಮ ಎದ್ಲು." ಎದ್ದಳಲ್ಲ ಎಂಬ ಸಂತೋಷಕ್ಕೆ ನಕ್ಕೆ. ಆಮೇಲೆ ಅವನು ಏನೇನೋ ಹೇಳಿದ, ಒಂದೂ ತಿಳಿಯಲಿಲ್ಲ. ತಿಳಿಯದೆ ಹೋದಾಗ ನಾನು ಮಾಡುವುದು ಇದನ್ನೇ, ಖುಷಿಯಾಗಿ ಏನಾದರೂ ಅಂದು ಇಟ್ಟುಬಿಡುವುದು. ಖುಷಿಯಾಗಿದ್ದರೆ ಯಾರೂ ಮತ್ತೆ ಕೇಳುವುದಿಲ್ಲ.

ನನಗೆ ಕಿವಿ ಕೇಳಿಸುವುದಿಲ್ಲ ಮಗಳೇ. ಪೂರ್ತಿ ಅಲ್ಲ. ಮಾತಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಎಳೆ ಹರಿದರೆ ಮಗ್ಗಕ್ಕೊಂದು ಗಂಟೆಯಿದೆ. ಆರೇಳು ವರ್ಷದ ಹಿಂದೆ ಅದು ಕೆಟ್ಟಿದೆ ಎಂದು ಫಿಟ್ಟರನನ್ನು ಕರೆಸಿ ಬೈದೆ. ಅವನು ಗಂಟೆ ಬಾರಿಸುತ್ತಾ ನನ್ನ ಮುಖ ನೋಡಿದ. ಕೆಟ್ಟಿದ್ದು ಗಂಟೆಯಲ್ಲ. ಅವತ್ತಿನಿಂದ ಕಣ್ಣಿನಲ್ಲಿ, ಅಂಗೈಯಲ್ಲಿ ಕೆಲಸ ಮಾಡಲು ಕಲಿತೆ. ಎದುರಿಗಿದ್ದವರ ತುಟಿ ಓದಬಲ್ಲೆ. ಫೋನಿಗೆ ತುಟಿಯಿಲ್ಲ.

ಯಾರಿಗೂ ಹೇಳಲಿಲ್ಲ. ಗೊತ್ತಾದರೆ ಮಗ್ಗದಿಂದ ತೆಗೆದು ಪ್ಯಾಕಿಂಗ್‌ಗೆ ಹಾಕುತ್ತಾರೆ ಎಂಬ ಭಯ ಒಂದು. ಇನ್ನೊಂದು ಬರಿಯ ಜಂಬ. ಕನ್ನಡಕ ಹಾಕಿಕೊಂಡವರನ್ನು ನಿಮ್ಮಪ್ಪನ ಅಂಗಡಿಯಲ್ಲಿ ಯಾರೂ ಕುರುಡ ಎನ್ನುವುದಿಲ್ಲ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡವಳನ್ನು ಮಾತ್ರ ಹಿಂದಿನಿಂದ ಕಿವುಡಿ ಎನ್ನುತ್ತಾರೆ, ಹೇಗೂ ಅವಳಿಗೆ ಕೇಳಿಸುವುದಿಲ್ಲವಲ್ಲ ಎಂದು. ಕೊನೆಯ ಸಲ ಅಲ್ಲಿಗೆ ಬಂದಿದ್ದಾಗ ಊಟದ ಹೊತ್ತಿನಲ್ಲಿ ನೀವು ಏನೋ ಕೇಳಿ ನಾನು ಏನೋ ಹೇಳಿ, ಎಲ್ಲರೂ ನಕ್ಕಿರಿ. ನಾನೂ ನಿಮ್ಮ ಮುಖ ನೋಡಿ, ಆಮೇಲೆ ನಕ್ಕೆ. ಆಮೇಲೆ ಅಣ್ಣ ಕಾಗದಕ್ಕೂ ಉತ್ತರ ಕೊಡದಾದಾಗ, ನಾನು ಬೇಡವಾದೆ ಎಂದುಕೊಂಡೆ. ಕೇಳಲಿಲ್ಲ. ಕೇಳಿದ್ದರೆ ಮುಗಿದುಹೋಗುತ್ತಿತ್ತು.

ಈಗ ನಿನ್ನ ಯೋಜನೆಯ ವಿಷಯ. ಅದರಲ್ಲಿ ಎರಡು ದೊಡ್ಡ ತೂತುಗಳಿವೆ. ನೀನು ಎದುರಿಗೆ ನಿಂತು ಪದ ಹೇಳಿದರೆ ನಮ್ಮ ಹೆಂಗಸರು ಇಪ್ಪತ್ತಕ್ಕೆ ಇಪ್ಪತ್ತೂ ಹೇಳಿಬಿಡುತ್ತಾರೆ. ಕಿವಿಯಿಂದಲ್ಲ, ನಿನ್ನ ತುಟಿ ನೋಡಿ. ಅವರ ಬೆನ್ನ ಹಿಂದೆ ನಿಲ್ಲಬೇಕು. ಎರಡನೆಯದು, ಹೆಸರಿನ ಪಟ್ಟಿ ಹಿಡಿದುಕೊಂಡು ಬಂದರೆ ಒಬ್ಬಳೂ ಬರುವುದಿಲ್ಲ. ನಾನೇ ಬರಲಿಲ್ಲವಲ್ಲ! ಹೆಸರಿರಬಾರದು. ಯಾರದು ಎಷ್ಟು ಎಂಬುದು ಮ್ಯಾನೇಜರಿಗೂ ಗೊತ್ತಾಗಬಾರದು, ಮೇಸ್ತ್ರಿಗೂ ಗೊತ್ತಾಗಬಾರದು.

ಈ ಕಾಗದವನ್ನು ಅಣ್ಣನಿಗೆ ಓದಿ ಹೇಳು. ಬೇಡ, ಅವನ ಕೈಗೇ ಕೊಡು.

ಅತ್ತೆ


ಸೆಪ್ಟೆಂಬರ್ 8

ಅತ್ತೆ, ಅತ್ತೆ, ಅತ್ತೆ,

ಎಡಗಾಲು. ಈಗ ಕೋಲು ಹಿಡಿದು ಅಂಗಡಿಯವರೆಗೆ ನಡೆಯುತ್ತಾಳೆ. ಮೆಟ್ಟಿಲ ಬದಲು ಒಳಗೆ ಕುರ್ಚಿ ಹಾಕಿಸಿಕೊಂಡಿದ್ದಾಳೆ. ಚಪ್ಪಲಿ ನೋಡುವುದನ್ನು ಬಿಟ್ಟಿಲ್ಲ.

ನಾನು ಹಿಂದಿನ ಕಾಗದದಲ್ಲಿ ಬರೆದದ್ದಕ್ಕೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ತಪ್ಪಾಯಿತು ಎಂದರೆ ಬಹಳ ಚಿಕ್ಕದಾಯಿತು. ಪಕ್ಕದಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡೆ ಎಂದು ಜಂಬ ಪಟ್ಟಿದ್ದೆ. ಕೇಳಿಸಿಕೊಂಡದ್ದು ನಿಜ, ತಿಳಿದುಕೊಂಡದ್ದು ಸೊನ್ನೆ.

ಅಪ್ಪನ ಕೈಗೇ ಕೊಟ್ಟೆ. ಅವರು ಯಾರದೋ ಕನ್ನಡಕಕ್ಕೆ ಸ್ಕ್ರೂ ಹಾಕುತ್ತಿದ್ದರು. ನಿಂತೇ ಓದಿದರು. ಗಿರಾಕಿ, "ಆಯ್ತಾ ಸಾರ್?" ಎಂದು ಎರಡು ಸಲ ಕೇಳಿದರು. ಅಪ್ಪನಿಗೆ ಆಗ ಏನೂ ಕೇಳಿಸಲಿಲ್ಲ. ಆಮೇಲೆ ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೇ ಕೂತು ಓದಿ ಹೇಳಲು ಶುರುಮಾಡಿದರು. 'ಎದ್ಲು' ಎಂಬಲ್ಲಿಗೆ ಬಂದಾಗ ಕಾಗದವನ್ನು ನನ್ನ ಕೈಗೆ ಕೊಟ್ಟರು, ಮುಂದಿನದನ್ನು ನಾನು ಓದಿದೆ.

ಅಜ್ಜಿಗೆ ಅವತ್ತು ಎಲ್ಲ ಕೇಳಿಸಿತ್ತಂತೆ! "ಅವಳ ನಗು ಕೇಳಿದಾಗಲೇ ಅಂದ್ಕೊಂಡೆ, ಇದು ಬಿದ್ದೋರಿಗೆ ನಗೋ ನಗು ಅಲ್ಲ ಅಂತ. ನೀವೇ ಮಾತಾಡ್ಕೋತೀರಿ ಅಂತ ಸುಮ್ನಿದ್ದೆ. ಇಷ್ಟು ದೊಡ್ಡೋರಾಗಿ ಒಂದು ಅಕ್ಷರಕ್ಕೆ ಮುನಿಸ್ಕೊಂಡು ಕೂತಿದ್ರಾ?" ಎಂದು ಕೋಲು ಎತ್ತಿದಳು. ಅಪ್ಪ ತಲೆ ತಪ್ಪಿಸಲಿಲ್ಲ.

ಅಪ್ಪ ಅಂದದ್ದು ಇಷ್ಟು, ಹಾಗೇ ಬರೆಯುತ್ತೇನೆ: "ಬಂದೋರಿಗೆಲ್ಲ ಇದು ಸರಿ ಕಾಣುತ್ತಾ, ಅದು ಸರಿ ಕಾಣುತ್ತಾ ಅಂತ ನಾಲ್ಕು ಸಲ ಕೇಳ್ತೀನಿ. ನನ್ನ ತಂಗೀನ ಮಾತ್ರ ಇನ್ನೊಂದು ಸಲ ಕೇಳ್ಲಿಲ್ಲ."

ಯೋಜನೆ ಏನಾಯಿತು ಗೊತ್ತಾ? ಆಗಸ್ಟ್ ಇಪ್ಪತ್ತೆಂಟಕ್ಕೆ ಪ್ರೆಸ್ಸಿನ ಮೆಷಿನ್ ಮಾಮನ ಮೇಲೆ ಪರೀಕ್ಷೆ ಮಾಡಿ ನೋಡಿದ್ದೆ. ಅವರು ಇಪ್ಪತ್ತಕ್ಕೆ ಹತ್ತೊಂಬತ್ತು ಹೇಳಿದರು! ಸದ್ದಿನಿಂದ ಏನೂ ಆಗುವುದಿಲ್ಲ ಎಂದು ಬರೆಯಬೇಕಾಗುತ್ತದಲ್ಲ ಎಂದು ಅಳುತ್ತಾ ಮೇಡಂ ಹತ್ತಿರ ಹೋದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಪದ ಹೇಳ್ವಾಗ ಅವರು ಎಲ್ಲಿ ನೋಡ್ತಿದ್ರು?" ನನಗೆ ಗೊತ್ತಿರಲಿಲ್ಲ, ನಾನು ಪಟ್ಟಿ ನೋಡುತ್ತಿದ್ದೆ. "ಅದು ಗೊತ್ತಾಗೋವರೆಗೆ ಯೋಜನೆ ತಗೊಳ್ಳಲ್ಲ. ಸೆಪ್ಟೆಂಬರ್ ಕೊನೆಯವರೆಗೆ ಸಮಯ" ಎಂದರು. ಅದರ ಮುಂದಿನ ವಾರ ನಿನ್ನ ಕಾಗದ ಬಂತು.

ಈಗ ಪ್ರಶ್ನೆಯೇ ಬದಲಾಗಿದೆ. ಎಷ್ಟು ಕೇಳಿಸುತ್ತದೆ ಎಂಬುದನ್ನು ಡಾಕ್ಟರ್ ನನಗಿಂತ ಚೆನ್ನಾಗಿ ಅಳೆಯುತ್ತಾರೆ. ನನ್ನ ಪ್ರಶ್ನೆ: ಸದ್ದಿನಲ್ಲಿ ಕೆಲಸ ಮಾಡುವವರು ತಮಗೆ ಎಷ್ಟು ಕೇಳಿಸುತ್ತದೆ ಎಂದುಕೊಂಡಿದ್ದಾರೆ, ಮತ್ತು ನಿಜಕ್ಕೂ ಎಷ್ಟು ಕೇಳಿಸುತ್ತದೆ? ಇವೆರಡರ ನಡುವಿನ ಅಂತರ ಎಷ್ಟು? ಪದಗಳನ್ನು ಮೊದಲೇ ರೆಕಾರ್ಡ್ ಮಾಡಿ, ಬೆನ್ನ ಹಿಂದಿನಿಂದ ಎಲ್ಲರಿಗೂ ಒಂದೇ ದನಿಯಲ್ಲಿ ಕೇಳಿಸುವುದು. ಹೆಸರಿನ ಬದಲು ಚೀಟಿ. ಸಂಖ್ಯೆಯಿರುವ ಚೀಟಿಯನ್ನು ಅವರೇ ಎತ್ತಿಕೊಂಡು, ಎಷ್ಟು ಕೇಳಿಸಬಹುದೆಂಬ ಅಂದಾಜನ್ನೂ ಕೇಳಿಸಿದ ಪದಗಳನ್ನೂ ಅದರಲ್ಲೇ ಬರೆದು ಡಬ್ಬಿಗೆ ಹಾಕುತ್ತಾರೆ, ಯಾರದು ಯಾವುದೆಂದು ನನಗೂ ಗೊತ್ತಾಗುವುದಿಲ್ಲ.

ನಿನ್ನ ಹೆಸರು ಬೇಡ ಎಂದರೆ ಈಗಲೂ ಬೇಡ. ಇದು ತಗಾದೆಯಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ತಗಾದೆ


ಸೆಪ್ಟೆಂಬರ್ 20

ನನ್ನ ಚಿನ್ನದಂಥ ತಗಾದೆಗೆ,

ಅಣ್ಣನ ಕಾಗದ ಬಂತು. ನಾಲ್ಕು ಪುಟ! ಅವನ ಇಡೀ ಜನ್ಮದಲ್ಲಿ ಅಷ್ಟು ಮಾತಾಡಿಲ್ಲ. ಅದರಲ್ಲಿ ಏನಿದೆ ಎಂದು ನಿನಗೆ ಹೇಳುವುದಿಲ್ಲ. ಕೊನೆಯಲ್ಲಿ ಅಮ್ಮನ ಹೆಬ್ಬೆಟ್ಟಿನ ಗುರುತು ನೋಡಿ ನಕ್ಕೆ, ಸಹಿಯ ಜಾಗ ಬಿಟ್ಟು ಬೇರೆಲ್ಲ ಕಡೆ ಒತ್ತಿದ್ದಾಳೆ.

ಹೊಸ ಪ್ರಶ್ನೆ ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಓದಿ ನನಗೇ ಚುಚ್ಚಿತು, ಅಂದರೆ ಸರಿಯಾದ ಜಾಗಕ್ಕೇ ಸೂಜಿ ಹೋಗಿದೆ.

ಮೊನ್ನೆ ಊಟದ ಹೊತ್ತಿನಲ್ಲಿ ನನ್ನ ಸಾಲಿನ ಹನ್ನೆರಡೂ ಜನರನ್ನು ಒಂದೇ ಮೇಜಿಗೆ ಕೂರಿಸಿದೆ. ನಿನ್ನ ವಿಷಯ ಹೇಳುವ ಮೊದಲು ನನ್ನದು ಹೇಳಬೇಕಲ್ಲ? ಎದ್ದು ನಿಂತು, "ನಂಗೆ ಕಿವಿ ಕೇಳ್ಸಲ್ಲ. ಆರೇಳು ವರ್ಷ ಆಯ್ತು" ಎಂದೆ. ತಟ್ಟೆಯಲ್ಲಿದ್ದ ಕೈಗಳೆಲ್ಲ ನಿಂತವು. ಆಮೇಲೆ ಒಂಬತ್ತನೇ ಮಗ್ಗದವಳು ಬಾಯಲ್ಲಿದ್ದ ತುತ್ತು ನುಂಗಿ, "ನಮಗೆ ಗೊತ್ತಿತ್ತು ಮೇಸ್ತ್ರಕ್ಕಾ. ನಮಗೆ ಗೊತ್ತು ಅಂತ ನಿಮಗೆ ಗೊತ್ತಾಗ್ಬಾರ್ದು ಅಂತ ಸುಮ್ನಿದ್ವಿ" ಎಂದಳು! ಆರೇಳು ವರ್ಷ ನಾನು ನಾಟಕ ಆಡಿದೆ, ಅವರು ಕೂತು ನೋಡಿದರು.

ಅವಳೇ ಮತ್ತೆ, "ನನ್ನ ಬಲಗಿವಿ ಪೂರ್ತಿ ಮುಚ್ಚಿದೆ, ಅದು ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು. ಗೊತ್ತಿರಲಿಲ್ಲ. ನಾನು ಯಾವಾಗಲೂ ಅವಳ ಬಲಗಡೆಯೇ ನಿಂತು ಬೈಯುತ್ತಿದ್ದೆ. "ಅದಕ್ಕೇ ನಿಮ್ಮ ಬೈಗುಳ ನಂಗೆ ತಾಗ್ತಿರ್ಲಿಲ್ಲ" ಎಂದಳು. ನಕ್ಕು ನಕ್ಕು ಒಬ್ಬಳಿಗೆ ನೆತ್ತಿ ಹತ್ತಿತು. ಆಮೇಲೆ ಇನ್ನೊಬ್ಬಳು, ಇನ್ನೊಬ್ಬಳು. ಮಗು ಅಳುವುದು ಕೇಳಿಸುವುದಿಲ್ಲವೆಂದು ಅದರ ಕಾಲಿಗೂ ತನ್ನ ಬೆರಳಿಗೂ ದಾರ ಕಟ್ಟಿಕೊಂಡು ಮಲಗುತ್ತಾಳಂತೆ ಒಬ್ಬಳು. ಇಷ್ಟು ವರ್ಷ ಪಕ್ಕಪಕ್ಕ ನಿಂತವರು ನಾವು. ಜಗತ್ತಿನ ಹರಟೆಯೆಲ್ಲ ಮುಗಿಸಿದ್ದೆವು, ಇದೊಂದನ್ನು ಬಿಟ್ಟು.

ಹನ್ನೊಂದು ಜನ ಬರುತ್ತಾರೆ. ಒಬ್ಬಳು ಬೇಡ ಎಂದಳು, ಅವಳನ್ನು ಒತ್ತಾಯ ಮಾಡಬೇಡ. ನಾನು ಸೇರಿದರೆ ಹನ್ನೆರಡು. ಬೆಡ್‌ಶೀಟ್ ಮಡಚುವ ವಿಭಾಗದಲ್ಲಿ ಸದ್ದಿಲ್ಲ, ಅಲ್ಲಿಂದ ಹನ್ನೆರಡು ಜನರನ್ನು ಒಪ್ಪಿಸಿದ್ದೇನೆ. ವಯಸ್ಸು ಸುಮಾರಾಗಿ ಸರಿಹೊಂದುವ ಹಾಗೆ ಆರಿಸಿದ್ದೇನೆ. ಎಳೆಯರನ್ನು ತಂದು ನಮ್ಮಂಥ ಮುದುಕಿಯರ ಪಕ್ಕ ನಿಲ್ಲಿಸಿದರೆ ಅದು ಸದ್ದಿನ ಲೆಕ್ಕವಾಗುವುದಿಲ್ಲ, ವಯಸ್ಸಿನ ಲೆಕ್ಕವಾಗುತ್ತದೆ. ಮೇಡಂಗೆ ಇದನ್ನು ಹೇಳು.

ಮ್ಯಾನೇಜರ್ ಹತ್ತಿರವೂ ನಾನೇ ಹೋದೆ. ಬೇರೆಯವರ ಬಾಯಿಂದ ಹೋಗುವುದು ಬೇಡ ಎಂದು. ಅವರು ಕುರ್ಚಿಯಲ್ಲಿ ಮುಂದೆ ಸರಿದು, "ಕಿವಿ ಕೇಳದೆ ಮಗ್ಗದ ಹತ್ರ ಹೇಗಮ್ಮಾ ಕೆಲಸ ಮಾಡ್ತೀರಿ?" ಎಂದರು. "ಕಿವಿ ಕೇಳೋರು ಅಲ್ಲಿ ಏನು ಕೇಳಿಸ್ಕೋತಾರೆ ಸಾರ್?" ಎಂದೆ. ಅವರು ಕಳೆದ ಆರು ತಿಂಗಳ ಬಟ್ಟೆಯ ತಪಾಸಣೆ ಪುಸ್ತಕ ತರಿಸಿ ನೋಡಿದರು. ಕಡಿಮೆ ದೋಷ ನನ್ನ ಸಾಲಿನದೇ. ಮಿಲ್ಲಿನ ಡಾಕ್ಟರ್ ನೋಡಿದ ಮೇಲೆ ತೀರ್ಮಾನಿಸುತ್ತಾರಂತೆ. ಪರೀಕ್ಷೆಗೆ ಕ್ಯಾಂಟೀನಿನ ಹಿಂದಿನ ಕೋಣೆ ಕೊಡುತ್ತಾರೆ. ಹೆಸರಿಲ್ಲದ ಫಲಿತಾಂಶದ ಒಂದು ಪ್ರತಿ ಕೇಳಿದ್ದಾರೆ. ಅಂತರ ದೊಡ್ಡದಿದ್ದರೆ ಎಲ್ಲರಿಗೂ ಕಿವಿಗೆ ಮುಚ್ಚಿಕೊಳ್ಳುವ ಸಾಧನ ಕೊಡಿಸುವ ಮಾತಾಡಿದ್ದಾರೆ. ಬರಿಯ ಮಾತು, ಸರಿ. ಆದರೆ ಆ ಮಾತನ್ನು ನಾನು ತುಟಿಯಲ್ಲಿ ಓದಿದೆ, ಸುಳ್ಳಿರಲಿಲ್ಲ.

ಭಯವಿಲ್ಲವಾ ಎಂದರೆ ಇದೆ. ಪ್ಯಾಕಿಂಗ್‌ಗೆ ಹಾಕಿದರೆ ಅಲ್ಲೂ ಮೇಸ್ತ್ರಿ ಆಗುತ್ತೇನೆ, ನೋಡುತ್ತಿರು.

ನನ್ನ ಹೆಸರು ಬರೆ. ಹೆಸರಿಲ್ಲದ ಪಟ್ಟಿಯಲ್ಲಿ ನನ್ನದೊಂದು ಮಾತ್ರ ಇರಲಿ. ಗೆರೆ ನಿನ್ನಿಷ್ಟ.

ಅತ್ತೆ


ಅಕ್ಟೋಬರ್ 4

ಅತ್ತೆ,

ಒಪ್ಪಿಗೆಯಾಯಿತು! ಮೇಡಂ ಪೂರ್ತಿ ಓದಿ ಮೇಲೆ 'ಹೊರಡು' ಎಂದು ಒಂದೇ ಪದ ಬರೆದರು. 'ಎಲ್ಲಿ ಎಡವಬಹುದು' ಎಂಬಲ್ಲಿ ಆಗಸ್ಟಿನಲ್ಲಿ ಒಂದು ಸಾಲು ಬರೆದಿದ್ದೆ, ಈಗ ಒಂದೂವರೆ ಪುಟವಾಗಿದೆ. ವಯಸ್ಸಿನ ಮಾತು ಯಾರು ಹೇಳಿದ್ದು ಎಂದು ಕೇಳಿದರು. ನಮ್ಮತ್ತೆ, ಮಗ್ಗದ ಮೇಸ್ತ್ರಿ ಎಂದೆ. "ಅವರು ನಿನ್ನ ಮಾರ್ಗದರ್ಶಕರು ಅಂತ ಬರಿ, ನನ್ನ ಹೆಸರು ಎರಡನೇದಾಗಿ ಇರ್ಲಿ" ಎಂದರು. ಬರೆದಿದ್ದೇನೆ.

ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿದೆವು. ಅಪ್ಪ, ಹದಿನೈದು ಬರಬಹುದು ಎಂದರು, ಹತ್ತೊಂಬತ್ತು ಬಂತು. ಅಜ್ಜಿ, ಇಪ್ಪತ್ತಕ್ಕೆ ಇಪ್ಪತ್ತು ಎಂದಳು, ಬಂದದ್ದು ಹನ್ನೊಂದು. ತೋರಿಸಿದರೆ, "ಮಿಕ್ಕಿದ ಒಂಬತ್ತು ಕೇಳಿಸ್ಕೊಳ್ಳೋಕೆ ಯೋಗ್ಯವಾದ ಪದಗಳೇ ಅಲ್ಲ" ಎಂದು ತೀರ್ಪು ಕೊಟ್ಟಳು. ಯೋಜನೆಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಫಲಿತಾಂಶ ಹೇಳುವಾಗ ಯಾರೂ ನಗಬಾರದು, ನಾನು ಸೇರಿ.

ಹನ್ನೆರಡನೇ ತಾರೀಖು ಬೆಳಗ್ಗೆ ಹತ್ತು ಗಂಟೆಯ ರೈಲಿಗೆ ಬರುತ್ತೇವೆ. 'ವೆ' ಎಂದದ್ದು ಕಂಡಿತಲ್ಲ? ಅಪ್ಪ ಅಂಗಡಿಗೆ ಒಂದು ವಾರ ಬೀಗ ಹಾಕುತ್ತಿದ್ದಾರೆ. ಅಜ್ಜಿಯೂ ಹೊರಟಿದ್ದಾಳೆ, ಯಾರು ಹೇಳಿದರೂ ಕೇಳುತ್ತಿಲ್ಲ. ಅಪ್ಪ ಈಗಿನಿಂದಲೇ, "ರೈಲು ನಿಲ್ಲೋ ಮೊದ್ಲೇ ಬಾಗಿಲಲ್ಲಿ ನಿಂತು ಅವಳ ಹೆಸರು ಹಿಡಿದು ಕೂಗ್ತೀನಿ, ಇಡೀ ಸ್ಟೇಷನ್ ತಿರುಗಿ ನೋಡ್ಬೇಕು" ಎನ್ನುತ್ತಿದ್ದಾರೆ.

ತಗಾದೆ


ಅಕ್ಟೋಬರ್ 8

ತಗಾದೆಗೆ,

ಎರಡು ಹಾಸಿಗೆ, ಅಮ್ಮನಿಗೆ ಒಂದು ಎತ್ತರದ ಕುರ್ಚಿ ಸಿದ್ಧ. ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ ನನ್ನದು, ನಾಲ್ಕು ಜನ ಒತ್ತಿಕೊಂಡು ಮಲಗೋಣ. ಕ್ಯಾಂಟೀನಿನ ಹಿಂದಿನ ಕೋಣೆ ಗುಡಿಸಿಟ್ಟಿದ್ದೇನೆ. ಬೇಡ ಎಂದಿದ್ದವಳು ನಿನ್ನೆ ಬಂದು, ಚೀಟಿಯನ್ನು ನಿಜಕ್ಕೂ ತಾನೇ ಎತ್ತಿಕೊಳ್ಳಬಹುದಾ ಎಂದು ಕೇಳಿ ಹೋಗಿದ್ದಾಳೆ. ಇನ್ನೊಂದು ಚೀಟಿ ಮಾಡಿಟ್ಟುಕೊಂಡು ಬಾ.

ಮಿಲ್ಲಿನ ಡಾಕ್ಟರ್ ನೋಡಿದರು. ಎರಡು ಕಿವಿಗೂ ಯಂತ್ರ ಬರೆದುಕೊಟ್ಟಿದ್ದಾರೆ, ಬರಲು ಇನ್ನೂ ಒಂದು ತಿಂಗಳಂತೆ. ಮಗ್ಗದ ಕೆಲಸಕ್ಕೆ ತೊಂದರೆಯಿಲ್ಲ ಎಂದು ಬರೆದಿದ್ದಾರೆ, ಮ್ಯಾನೇಜರ್ ಸಹಿ ಮಾತ್ರ ಬಾಕಿ. ಸಹಿ ಬೀಳುವವರೆಗೂ ದಿನಾ ಅವರ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದೇನೆ, ಮರೆಯದಿರಲಿ ಎಂದು.

ಅಣ್ಣನಿಗೆ ಹೇಳು, ಬಾಗಿಲಲ್ಲಿ ನಿಂತು ಕೂಗುವುದು ಬೇಡ, ಕೂಗಿದರೂ ನನಗೆ ಕೇಳಿಸುವುದಿಲ್ಲ. ಗಡಿಯಾರದ ಕೆಳಗೆ ನಿಂತಿರುತ್ತೇನೆ. ನಿಧಾನವಾಗಿ ಇಳಿದು ನನ್ನ ಎದುರಿಗೆ ಬಂದು ನಿಂತು, ಏನು ಹೇಳಬೇಕೋ ಮೆಲ್ಲಗೇ ಹೇಳಲಿ.

ಅತ್ತೆ